ಮೋರೇರ ಗುಡ್ಡದಲ್ಲಿ ನೀರಿನ ಲೆಕ್ಕ

ಫೆಬ್ರವರಿ ಕೊನೆಯ ಒಂದು ಶನಿವಾರ ನಾನು, ನಮ್ಮ ಮಾವನ ಮಗ ಇಬ್ಬರೂ ಗುಡ್ಡ ಸುತ್ತೋಕೆ ಹೊರಟೆವು. ಮೊದಲ ದಿನ ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಹಿರೇಬೆಣಕಲ್‌ನ ಮೋರೇರ ಗುಡ್ಡ, ಭಾನುವಾರ ಅಲ್ಲೇ ಸಮೀಪದ ಸಾಣಾಪುರ, ಅಂಜನಾದ್ರಿ ಬೆಟ್ಟ. ರಾತ್ರಿ ಗುಡ್ಡದ ಮೇಲೇ ಮಲಗೋಣ ಅಂತ ಟೆಂಟು, ಎರಡು ರಗ್ಗು, ಸಣ್ಣ ಸ್ಟವ್, ಪಾತ್ರೆ ಎಲ್ಲ ತುಂಬಿದ್ದೆ. ಬ್ಯಾಗು ಹದಿನಾಲ್ಕು ಕೆಜಿ. ಅದರಲ್ಲಿ ನೀರು ಎರಡೇ ಲೀಟರ್.

ಊರಲ್ಲಿ ಇಳಿದಾಗಲೇ ಹೇಳಿದರು, ಮೇಲೆ ಮಲಗಬೇಡಿ, ಕರಡಿ ಚಿರತೆ ಓಡಾಡ್ತಾವೆ ಅಂತ. ಟೆಂಟು ಅಲ್ಲೇ ಯಾರದಾದರೂ ಮನೆಯಲ್ಲಿ ಇಟ್ಟು ಹೋಗಬೇಕಿತ್ತು. ಇಡಲಿಲ್ಲ. ಹತ್ತೋಕೆ ಶುರು ಮಾಡಿದಾಗ ಎಂಟೂವರೆ.

ನಮ್ಮ ಕಡೆ ಗುಡ್ಡ ಅಂದರೆ ಬರೀ ಬಂಡೆ, ನಡುವೆ ಮುಳ್ಳುಕಂಟಿ, ನೆರಳು ಕಡಿಮೆ. ಹನ್ನೊಂದರ ಹೊತ್ತಿಗೆ ಕೈಯೂರಿ ಹತ್ತೋಣ ಅಂದರೆ ಅಂಗೈ ಚುರುಕ್ ಅನ್ನುತ್ತಿತ್ತು, ಬ್ಯಾಗಿನ ಭಾರ ಹಿಂದಕ್ಕೆ ಜಗ್ಗುತ್ತಿತ್ತು, ಬಾಟಲಿಯಲ್ಲಿ ಉಳಿದದ್ದು ನಾಲ್ಕು ಗುಟುಕು. ಮಾವನ ಮಗನಿಗೆ ತಲೆ ಸುತ್ತು ಬಂದು ಕೂತುಬಿಟ್ಟ. ನನಗೆ ನಿಜವಾಗಿ ಭಯವಾಯಿತು.

ಆಗ ಸಿಕ್ಕವರು ಕುರಿ ಕಾಯುವ ಒಬ್ಬ ಕಾಕಾ. ಬ್ಯಾಗು ಎತ್ತಿ ನೋಡಿ, "ತಮ್ಮಾ, ಇಷ್ಟೆಲ್ಲಾ ಹೊತ್ತೀರಿ, ನೀರ ಎಲ್ಲೈತಿ?" ಅಂದರು. ಅವರ ಹತ್ತಿರ ಇದ್ದದ್ದು ಒಂದು ಬುತ್ತಿ, ಒಂದು ಕೋಲು, ಒದ್ದೆ ಗೋಣಿಚೀಲ ಸುತ್ತಿದ ಐದು ಲೀಟರ್ ಕ್ಯಾನು, ಅಷ್ಟೇ. ಗೋಣಿ ಆರುತ್ತಾ ಹೋದ ಹಾಗೆ ನೀರು ತಣ್ಣಗಾಗುತ್ತೆ. ಆ ನೀರನ್ನು ಅವನಿಗೆ ಸ್ವಲ್ಪಸ್ವಲ್ಪವೇ ಕುಡಿಸಿ, ಬೆಲ್ಲ ಕೊಟ್ಟು, ಬಿಸಿಲು ಇಳಿಯೋತನಕ ಬಂಡೆಯ ನೆರಳಲ್ಲಿ ಮಲಗಿಸಿದರು.

ಮೂರೂವರೆಗೆ ಎದ್ದು ನಿಧಾನಕ್ಕೆ ಮೇಲಕ್ಕೆ ಹೋದೆವು. ಸುತ್ತಲೂ ಸತ್ತವರಿಗಾಗಿ ಕಟ್ಟಿದ ಕಲ್ಲಿನ ಮನೆಗಳು, ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದು, ಕೆಲವಕ್ಕೆ ಎದುರಿಗೆ ದುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಮೋರೇರು ಅನ್ನೋ ಗಿಡ್ಡ ಜನ ಕಟ್ಟಿದ್ದು ಅಂತ ಊರಲ್ಲಿ ಕಥೆ ಇದೆ. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದೆ. ನಾನು ಒಂದು ಕಿಂಡಿಯ ಅಂಚಿನ ಹತ್ತಿರ ಬಗ್ಗಿ ನೋಡಿದೆ, ಎಷ್ಟು ದುಂಡಗೆ ಕೊರೆದಿದ್ದಾರೆ! ಪಕ್ಕದ ಚಪ್ಪಡಿ ಮೇಲೆ ಯಾರೋ ಬಣ್ಣದಲ್ಲಿ ಹೆಸರು ಬರೆದಿದ್ದರು. ಹೊಟ್ಟೆ ಉರಿಯಿತು. ದಯವಿಟ್ಟು ಹಾಗೆ ಮಾಡಬೇಡಿ.

ಕತ್ತಲಾಗುವ ಮುಂಚೆ ಇಳಿದು, ರಾತ್ರಿ ಗಂಗಾವತಿಯ ನೆಂಟರ ಮನೆ ಸೇರಿದೆವು. ಟೆಂಟು, ಸ್ಟವ್ ಎಲ್ಲ ಅಲ್ಲೇ ಇಟ್ಟೆ. ಭಾನುವಾರ ನಸುಕಿನಲ್ಲೇ ಹೊರಟಾಗ ಇಬ್ಬರ ಬ್ಯಾಗಲ್ಲೂ ಐದೈದು ಲೀಟರ್ ನೀರು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಒಂದು ಜೊತೆ ಒಣ ಸಾಕ್ಸ್. ನೀರನ್ನು ಬೆನ್ನಿಗೆ ತಾಗಿಸಿ, ಮೇಲ್ಭಾಗಕ್ಕೆ ಬರುವ ಹಾಗೆ ಇಟ್ಟೆ, ಸೊಂಟದ ಬೆಲ್ಟ್ ಬಿಗಿದೆ. ಜಗ್ಗಾಟ ನಿಂತಿತು. ಸಾಣಾಪುರದ ಬಂಡೆಗಳನ್ನು ಬಿಸಿಲೇರುವ ಮುಂಚೆಯೇ ಮುಗಿಸಿದೆವು.

ಅಂಜನಾದ್ರಿಗೆ 575 ಮೆಟ್ಟಿಲು. ಹಿಂದಿನ ದಿನದ ಮೀನಖಂಡದ ನೋವಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ಮೊಣಕಾಲು ಗಡಗಡ. ಸ್ವಲ್ಪ ಅಡ್ಡಕ್ಕೆ ತಿರುಗಿ, ಐವತ್ತು ಮೆಟ್ಟಿಲಿಗೊಮ್ಮೆ ನಿಂತು ಇಳಿದೆವು. ಕೆಳಗೆ ಬಂದಾಗ ಇನ್ನೂ ಒಂದು ಲೀಟರ್ ಉಳಿದಿತ್ತು. ಅದರಲ್ಲಿ ಇಬ್ಬರೂ ಮುಖ ತೊಳೆದುಕೊಂಡು ಬಸ್ಸು ಹತ್ತಿದೆವು.