ಚಂಡೀಗಢದಲ್ಲಿ ಇಬ್ಬರು, ಒಂದೇ ದಿನ

ಶಿಮ್ಲಾ, ಮನಾಲಿ ಕಡೆಗೆ ಹೊರಟ ನಮ್ಮವರಿಗೆ ಚಂಡೀಗಢ ಎಂದರೆ ಗಾಡಿ ಬದಲಿಸುವ ಊರು, ಅಷ್ಟೇ. ಬೆಂಗಳೂರಿನ ವಿಮಾನ ಇಳಿದ ಕೂಡಲೇ ಟ್ಯಾಕ್ಸಿ ಹಿಡಿದು ಬೆಟ್ಟ ಹತ್ತಿಬಿಡುತ್ತಾರೆ. ನಾವು ಗಂಡ-ಹೆಂಡತಿ ವಾಪಸು ಬರುವಾಗ ಒಂದು ಇಡೀ ದಿನವನ್ನು ಈ ಊರಿಗೇ ಎತ್ತಿಟ್ಟೆವು. ಫೆಬ್ರುವರಿ ಕೊನೆ, ವಾರದ ದಿನ. ಪ್ರವೇಶ ಟಿಕೆಟ್ಟುಗಳಿಗೆ ಇಬ್ಬರಿಗೂ ಸೇರಿ ನೂರು ರೂಪಾಯಿ ದಾಟಲಿಲ್ಲ. ನಡೆದದ್ದು 12 ಕಿ.ಮೀ. ಹತ್ತಿರ, ಕ್ಯಾಬ್ ಹತ್ತಿದ್ದು ನಾಲ್ಕು ಸಲ.

ಇಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಸೆಕ್ಟರ್, ಅಂದರೆ ಬಡಾವಣೆ, ನಂಬರಿನ ಮರ್ಮ. ಜಯನಗರದ ಮೇನ್-ಕ್ರಾಸ್ ಲೆಕ್ಕದಲ್ಲಿ ಪಳಗಿದವರೂ ಇಲ್ಲಿ ಮೊದಲ ಗಂಟೆ ತಬ್ಬಿಬ್ಬಾಗುತ್ತಾರೆ. ಎಣಿಕೆ ನೇಗಿಲು ಹೂಡಿದ ಎತ್ತಿನ ಹಾಗೆ ಹೋಗುತ್ತದೆ. ಒಂದು ಸಾಲು ಪೂರ್ವದಿಂದ ಪಶ್ಚಿಮಕ್ಕೆ 7, 8, 9, 10, 11, 12. ತುದಿಯಲ್ಲಿ ತಿರುಗಿ ಮುಂದಿನ ಸಾಲು ಪಶ್ಚಿಮದಿಂದ ಪೂರ್ವಕ್ಕೆ 14, 15, 16, 17, 18, 19. ಹಾಗಾಗಿ 10 ಮತ್ತು 16 ಎದುರುಬದುರು, ನಡುವೆ ಒಂದೇ ರಸ್ತೆ. ಉತ್ತರ ಭಾಗದಲ್ಲಿ ಮೇಲೆ-ಕೆಳಗೆ ಇರುವ ಎರಡು ಸೆಕ್ಟರುಗಳನ್ನು ಕೂಡಿದರೆ 13ರ ಮಗ್ಗಿ ಬರುತ್ತದೆ: 4 ಮತ್ತು 9, 9 ಮತ್ತು 17, 17 ಮತ್ತು 22. ನಕ್ಷೆ ತೆರೆಯದೆ ದಿಕ್ಕು ಹಿಡಿಯಲು ನಮಗೆ ಇಷ್ಟೇ ಸಾಕಾಯಿತು. ನಂಬರ್ ಇಳಿದಷ್ಟೂ ಉತ್ತರ, ಅಂದರೆ ಶಿವಾಲಿಕ್ ಬೆಟ್ಟದ ಕಡೆ.

ಎರಡನೆಯದು ಅಳತೆ. ಒಂದು ಸೆಕ್ಟರಿನ ಒಂದು ಬದಿ ಸುಮಾರು 800 ಮೀಟರ್, ಇನ್ನೊಂದು 1200. ‘ಪಕ್ಕದ ಸೆಕ್ಟರ್’ ಎಂದರೆ ಹತ್ತು-ಹದಿನೈದು ನಿಮಿಷದ ನಡಿಗೆ ಎಂದೇ ಹಿಡಿಯಿರಿ. ಅದಕ್ಕಿಂತ ಮುಖ್ಯ ಸಂಗತಿ, ಸೆಕ್ಟರುಗಳೆಲ್ಲ ರಸ್ತೆಗೆ ಬೆನ್ನು ಹಾಕಿ ಕೂತಿವೆ. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ 1951ರಲ್ಲಿ ಈ ಊರಿಗೆ ಹಾಕಿದ ಯೋಜನೆಯಲ್ಲಿ ರಸ್ತೆಗಳಿಗೆ ವಿ1ರಿಂದ ವಿ7ರವರೆಗೆ ದರ್ಜೆ ಇದೆ. ಸೆಕ್ಟರನ್ನು ಸುತ್ತುವ ವಿ3 ರಸ್ತೆ ವೇಗದ ವಾಹನಗಳಿಗೆ. ಅದರ ಅಂಚಿಗೆ ಮನೆ-ಅಂಗಡಿಗಳ ಬಾಗಿಲು ತೆರೆಯುವುದಿಲ್ಲ. ಅಂಗಡಿಬೀದಿ ಎಂದರೆ ಸೆಕ್ಟರಿನ ಹೊಟ್ಟೆಯೊಳಗೆ ಹಾಯುವ ವಿ4. ಇದು ಗೊತ್ತಿಲ್ಲದವರು ಮರಗಳ ಸಾಲಿನ ದೊಡ್ಡ ರಸ್ತೆಯಲ್ಲಿ ಒಂದು ಕಿ.ಮೀ. ನಡೆದು, ಒಂದು ಬಾಟಲಿ ನೀರೂ ಸಿಗದೆ ‘ಇದೆಂಥ ಊರು’ ಎನ್ನುತ್ತಾರೆ. ನೀರು, ಟೀ, ಔಷಧಿ, ಶೌಚಾಲಯ ಯಾವುದು ಬೇಕಾದರೂ ಒಳಗೆ ತಿರುಗಿ ಮಾರ್ಕೆಟ್ ಹುಡುಕಬೇಕು. ‘ಮಧ್ಯ ಮಾರ್ಗ’ ಎಂಬ ದೊಡ್ಡ ರಸ್ತೆಯಂಥ ಕೆಲವು ಕಡೆ ಮಾತ್ರ ರಸ್ತೆಗೇ ಮುಖಮಾಡಿದ ಅಂಗಡಿ ಸಾಲುಗಳಿವೆ. ವಿಳಾಸದಲ್ಲಿ ಎಸ್‌ಸಿಓ ಎಂದಿದ್ದರೆ ಕೆಳಗೆ ಅಂಗಡಿ, ಮೇಲೆ ಆಫೀಸು. ಎಸ್‌ಸಿಎಫ್ ಎಂದಿದ್ದರೆ ಮೇಲೆ ಮನೆ. ಸೆಕ್ಟರ್ ನಂಬರಿನ ಪಕ್ಕದ ಎ, ಬಿ, ಸಿ, ಡಿ ಅಕ್ಷರ ಬಿಡಬೇಡಿ. ಅದು ತಪ್ಪಿದರೆ ಕ್ಯಾಬ್ ಸೆಕ್ಟರಿನ ಇನ್ನೊಂದು ಮೂಲೆಯಲ್ಲಿ ಇಳಿಸುತ್ತದೆ.

ದಿನ ಆರಿಸುವಾಗ ಸೋಮವಾರ ಬೇಡ. ಸೆಕ್ಟರ್ 10ರ ಸರ್ಕಾರಿ ಮ್ಯೂಸಿಯಂಗೆ ಅಂದು ರಜೆ. ದೆಹಲಿಯಿಂದ ಬೆಳಗಿನ ಶತಾಬ್ದಿಯಲ್ಲಿ ಬಂದು ಸಂಜೆಯ ಶತಾಬ್ದಿಗೆ ಮರಳುವ ಯೋಚನೆಯನ್ನು ನಾವು ಮೊದಲೇ ಕೈಬಿಟ್ಟೆವು. ಆ ರೈಲು ಮುಟ್ಟುವಾಗಲೇ ಹನ್ನೊಂದು ಹೊಡೆದಿರುತ್ತದೆ, ಸಂಜೆಯ ರೈಲು ಸೂರ್ಯಾಸ್ತದ ಹೊತ್ತಿಗೇ ಹೊರಡುತ್ತದೆ. ದಿನದ ಎರಡೂ ಒಳ್ಳೆಯ ತುದಿಗಳು ಕತ್ತರಿಸಿ ಹೋಗುತ್ತವೆ. ಬೆಟ್ಟ ಇಳಿದು ಹಿಂದಿನ ರಾತ್ರಿಯೇ ಬಂದು ಸೆಕ್ಟರ್ 22ರಲ್ಲಿ ರೂಮ್ ಮಾಡಿದೆವು. 17ರ ಬಸ್ ನಿಲ್ದಾಣ ಎದುರಿಗೇ, ಗುಲಾಬಿ ತೋಟ ನಡೆದು ಹೋಗುವಷ್ಟು ದೂರ.

ಏಳು ಗಂಟೆಗೆ ಸೆಕ್ಟರ್ 16ರ ಜಾಕಿರ್ ಹುಸೇನ್ ಗುಲಾಬಿ ತೋಟ. 30 ಎಕರೆ, 1967ರದ್ದು. ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಹೂವಿನ ಭರಾಟೆ. ಮೇ-ಜೂನ್‌ನಲ್ಲಿ ಹೋದವರಿಗೆ ಕಾಣುವುದು ಹೆಸರಿನ ಫಲಕ, ಒಣಗಿದ ಕಡ್ಡಿ. ಫೆಬ್ರುವರಿಯಲ್ಲೇ ಗುಲಾಬಿ ಉತ್ಸವವೂ ನಡೆಯುತ್ತದೆ. ಆ ಮೂರು ದಿನ ಹೂವಿಗಿಂತ ತಲೆಗಳೇ ಹೆಚ್ಚು, ಅದನ್ನು ತಪ್ಪಿಸಿ. ಒಂದು ಗಂಟೆ ಸಾಕು. ಹುಲ್ಲಿನ ಮೇಲಿನ ಇಬ್ಬನಿಗೆ ಬಟ್ಟೆಯ ಶೂ ನೆನೆದು ಇಡೀ ದಿನ ಒದ್ದೆ ಕಾಲಾಗುತ್ತದೆ. ದಾರಿಯ ಮೇಲೇ ನಡೆಯುವುದು ಒಳ್ಳೆಯದು.

ತಿಂಡಿ 22ರಲ್ಲಿ, ಆಲೂ ಪರಾಠ. ನಮ್ಮ ಕಡೆಯ ಪದರು ಪದರಿನ ಪರೋಟಾ ಮನಸ್ಸಿನಲ್ಲಿಟ್ಟುಕೊಂಡು ತಲೆಗೆ ಎರಡು ಹೇಳಬೇಡಿ. ಇದು ಹೂರಣದ ಹೋಳಿಗೆಯ ಅಣ್ಣ, ಮೇಲೆ ಬೆಣ್ಣೆ ಬೇರೆ. ತಲೆಗೊಂದು, ಜೊತೆಗೆ ಒಂದು ಬಟ್ಟಲು ಮೊಸರು ಆದರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ.

ದಿನದ ವೇಳಾಪಟ್ಟಿಯೆಲ್ಲ ನಿಂತಿರುವುದು ಸೆಕ್ಟರ್ 1ರ ಕ್ಯಾಪಿಟಲ್ ಕಾಂಪ್ಲೆಕ್ಸ್, ಅಂದರೆ ವಿಧಾನಸಭೆ, ಹೈಕೋರ್ಟ್ ಇರುವ ಸರ್ಕಾರಿ ಆವರಣದ ಮೇಲೆ. ಒಬ್ಬೊಬ್ಬರೇ ಒಳಗೆ ತಿರುಗುವ ಹಾಗಿಲ್ಲ. ಪ್ರವಾಸೋದ್ಯಮ ಇಲಾಖೆಯ ಗೈಡ್ ಜೊತೆಯಲ್ಲಿ, ದಿನಕ್ಕೆ ಕೆಲವೇ ಸರದಿ, ಶುಲ್ಕವಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಸಮಯ ಕೇಳಿಕೊಂಡು ಬೆಳಗಿನ ಸರದಿ ಹಿಡಿದೆವು. ಕಾರಣ ಬಿಸಿಲು. ವಿಧಾನಸಭೆಯಿಂದ ಹೈಕೋರ್ಟ್‌ವರೆಗಿನ ಅಂಗಳ 400 ಮೀಟರಿಗೂ ಹೆಚ್ಚು ಉದ್ದ, ಪೂರ್ತಿ ಕಾಂಕ್ರೀಟ್, ಮರದ ನೆರಳಿಲ್ಲ. ಫೆಬ್ರುವರಿಯಲ್ಲೇ ಮಧ್ಯಾಹ್ನ ಕಣ್ಣು ಕೋರೈಸುತ್ತದೆ. ಟೋಪಿ, ನೀರು ಕೈಯಲ್ಲಿರಲಿ. ಇಬ್ಬರದೂ ಮೂಲ ಗುರುತಿನ ಚೀಟಿ ಬೇಕು, ಒಬ್ಬರದು ಸಾಲದು, ಫೋಟೋಕಾಪಿ ನಡೆಯದು. ಕೇಂದ್ರೀಯ ಪಡೆಯ ಕಾವಲಿರುವ ಜಾಗ. ಪಂಜಾಬ್, ಹರಿಯಾಣ ಎರಡೂ ರಾಜ್ಯಗಳ ವಿಧಾನಸಭೆ ಒಂದೇ ಕಟ್ಟಡದಲ್ಲಿದೆ. ಅಧಿವೇಶನವೋ ಗಣ್ಯರ ಭೇಟಿಯೋ ಇದ್ದರೆ ಒಳಗಿನ ಭಾಗ ತೋರಿಸುವುದಿಲ್ಲ. ಅದಕ್ಕೆ ಗೈಡ್ ಜೊತೆ ವಾದ ಮಾಡಿ ಫಲವಿಲ್ಲ.

2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಎಂದು ಬಂದು, ‘ಬರೀ ಸಿಮೆಂಟು’ ಎಂದು ಮುಖ ಸಿಂಡರಿಸುವವರು ಬಹಳ. ದೂರದಿಂದ ನೋಡಿದರೆ ಹಾಗನ್ನಿಸುವುದು ಸಹಜ. ಗೋಡೆಯ ಹತ್ತಿರ ಹೋಗಿ. ಪ್ಲಾಸ್ಟರ್ ಇಲ್ಲ, ಬಣ್ಣ ಇಲ್ಲ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಉಳಿದ ಜೋಡಣೆಯ ಗೆರೆಗಳು ಹಾಗೇ ಇವೆ. ಒಂದು ಪಟ್ಟಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಬೆರಳಲ್ಲೇ ಓದಬಹುದು. ಕಟ್ಟಡ ಕೆಲಸ ನೋಡಿ ಗೊತ್ತಿದ್ದವರಿಗೆ ಇದಕ್ಕಿಂತ ರುಚಿಯಾದ ಗೋಡೆ ಇನ್ನೊಂದಿಲ್ಲ. ಹೈಕೋರ್ಟಿನ ಬಾಗಿಲಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ಮೂರು ದೈತ್ಯ ಕಂಬಗಳು. ತಲೆಯೆತ್ತಿದರೆ ಚಾವಣಿ ಎರಡು ಪದರ, ನಡುವೆ ಗಾಳಿ ಹಾಯಲು ಖಾಲಿ ಜಾಗ. ಕಟ್ಟಡಕ್ಕೆ ಹಿಡಿದ ಕೊಡೆ ಎಂದರೂ ಸರಿ. ಅಂಗಳದ ನಡುವಿನ ನೆರಳಿನ ಗೋಪುರದೊಳಗೆ ಒಂದೈದು ನಿಮಿಷ ನಿಲ್ಲಿ. ಬಿಸಿಲು ಒಳಗೆ ಬೀಳದಂತೆ ಕಾಂಕ್ರೀಟ್ ರೆಕ್ಕೆಗಳನ್ನು ಎಷ್ಟೆಷ್ಟು ಓರೆ ಮಾಡಬೇಕು ಎಂಬುದನ್ನು ನಿಜ ಗಾತ್ರದಲ್ಲೇ ಕಟ್ಟಿ ತೋರಿಸಿದ್ದಾರೆ, ಉತ್ತರದ ಬದಿ ಮಾತ್ರ ಬಯಲು. ಗೈಡ್ ಇದನ್ನು ಎರಡು ಮಾತಲ್ಲಿ ಮುಗಿಸಿ ಎಲ್ಲರನ್ನೂ ತೆರೆದ ಹಸ್ತ ಎಂಬ ಸ್ಮಾರಕದ ಕಡೆ ಕರೆದೊಯ್ಯುತ್ತಾರೆ, ಫೋಟೋ ಇರುವುದು ಅಲ್ಲಿ ತಾನೆ. 26 ಮೀಟರ್ ಎತ್ತರ. ಮೇಲಿನ ಲೋಹದ ಕೈ ಗಾಳಿ ಬೀಸಿದತ್ತ ತಿರುಗುತ್ತದೆ. ಆದ್ದರಿಂದ ‘ಎದುರಿನ’ ಫೋಟೋ ಎಲ್ಲಿಂದ ಎಂದು ಮೊದಲೇ ಗೊತ್ತು ಮಾಡಲಾಗದು. ಕಾರ್ಬೂಸಿಯೇ ತೀರಿಕೊಂಡದ್ದು 1965ರಲ್ಲಿ, ಇದು ನಿಂತದ್ದು 1985ರಲ್ಲಿ.

ಅಲ್ಲಿಂದ ರಾಕ್ ಗಾರ್ಡನ್‌ಗೆ ನಡೆದೇ ಹೋಗಬಹುದು. ಕ್ಯಾಪಿಟಲ್‌ಗೂ ಸುಖನಾ ಕೆರೆಗೂ ನಡುವೆ ಇದೆ. ಟಿಕೆಟ್ ತಲೆಗೆ 30 ರೂಪಾಯಿ. ಮಧ್ಯಾಹ್ನದ ಬಿಸಿಲಿಗೆ ಇದನ್ನೇ ಇಟ್ಟುಕೊಂಡದ್ದು ಬೇಕೆಂದೇ. ಎತ್ತರದ ಗೋಡೆ, ಇಕ್ಕಟ್ಟಿನ ದಾರಿ, ಮರ, ನೀರು ಎಲ್ಲ ಇರುವುದರಿಂದ ಹನ್ನೆರಡು ಗಂಟೆಗೂ ತಂಪು. ಕಟ್ಟಿದ ನೇಕ್ ಚಂದ್ ರಸ್ತೆ ಇನ್‌ಸ್ಪೆಕ್ಟರ್. ಹೊಸ ಊರಿಗಾಗಿ ಕೆಡವಿದ ಹಳ್ಳಿಗಳ ಅವಶೇಷಗಳನ್ನು 1950ರ ದಶಕದ ಕೊನೆಯಿಂದ ಕಾಡಿನ ನಡುವೆ ಗುಟ್ಟಾಗಿ ಸಾಗಿಸಿ, ಅಪ್ಪಣೆಯಿಲ್ಲದೆ ಕಟ್ಟುತ್ತಾ ಹೋದರು. ಅಧಿಕಾರಿಗಳ ಕಣ್ಣಿಗೆ ಬೀಳುವಷ್ಟರಲ್ಲಿ ಅದು ಎಕರೆಗಟ್ಟಲೆ ಹಬ್ಬಿತ್ತು. 1976ರಲ್ಲಿ ಜನರಿಗೆ ತೆರೆದರು. ಗೆರೆ ಎಳೆದು ಕಟ್ಟಿದ ಊರಿನ ಪಕ್ಕದಲ್ಲೇ ಒಂದು ನೇರ ಗೆರೆಯೂ ಇಲ್ಲದ ಜಾಗ. ಕ್ಯಾಪಿಟಲ್ ನೋಡಿದ ಕೂಡಲೇ ಇಲ್ಲಿಗೆ ಬಂದರೆ ಈ ವ್ಯತ್ಯಾಸ ಮೈಗೇ ತಾಗುತ್ತದೆ.

ದಾರಿ ಒಮ್ಮುಖ. ಹಿಂದೆ ಬಿಟ್ಟದ್ದನ್ನು ನೋಡಲು ಜನರ ಎದುರು ನುಗ್ಗಬೇಕಾಗುತ್ತದೆ, ಹಾಗಾಗಿ ಮೊದಲ ಅರ್ಧ ಗಂಟೆ ನಿಧಾನ ಮಾಡಿ. ಬಾಗಿಲುಗಳು ಬೇಕೆಂದೇ ಗಿಡ್ಡ; ಬೆನ್ನಿಗೆ ಬ್ಯಾಗ್ ಇದ್ದವರು ತಲೆ ಬಗ್ಗಿಸಿದರೂ ಬ್ಯಾಗ್ ಮೇಲೆ ತಗಲುತ್ತದೆ. ಒಂದೇ ಚಿಕ್ಕ ಬ್ಯಾಗ್ ತಂದು ಸರದಿ ಮೇಲೆ ಹೊತ್ತೆವು. ಬೊಂಬೆಗಳ ಸಾಲಿನ ಮುಂದೆ ಕೂತು ಒಂದನ್ನಾದರೂ ಹತ್ತಿರದಿಂದ ನೋಡಿ. ಮೈಯೆಲ್ಲ ಒಡೆದ ಬಳೆಚೂರು, ಹಸಿರು ಗಾಜಿನ ಪಕ್ಕ ಕೆಂಪು, ಚೂರಿನ ಬಾಗು ಹೊರಗೆ ಬರುವಂತೆ ಒತ್ತಿ ಕೂರಿಸಿದ್ದು. ಬಿಸಿಲು ಬಿದ್ದಾಗ ಸೀರೆಯ ಜರಿಯಂತೆ ಮಿನುಗುತ್ತದೆ. ಇನ್ನೊಂದು ಕಡೆ ಗೋಡೆಯೇ ಪಿಂಗಾಣಿ ಚೂರು, ಮತ್ತೊಂದು ಕಡೆ ಹಳೆಯ ವಿದ್ಯುತ್ ಸಾಮಾನು. ಜಲಪಾತ ಕಂಡ ಕೂಡಲೇ ಮುಗಿಯಿತೆಂದು ಸುಸ್ತಾಗಬೇಡಿ, ಕೊನೆಯ ಭಾಗದಲ್ಲಿ ಕಮಾನುಗಳಿಗೆ ಕಟ್ಟಿದ ಉಯ್ಯಾಲೆಗಳಿವೆ. ಎರಡು ಗಂಟೆ ಬೇಕು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಹವಾಯಿ ಚಪ್ಪಲಿ ಬೇಡ.

ಹೊರಗೆ ಕ್ಯಾಬ್ ಹಿಡಿಯುವಾಗ ಒಂದು ಎಚ್ಚರ: ಆ್ಯಪ್‌ನಲ್ಲಿ ಸರ್ಕಲ್ ಮೇಲೆ ಪಿನ್ ಹಾಕಿದರೆ ಡ್ರೈವರ್ ರದ್ದು ಮಾಡುತ್ತಾರೆ. ಇಲ್ಲಿ ಸರ್ಕಲ್‌ಗಳಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಕಾವಲಿದೆ, ದಂಡಕ್ಕೆ ಎಲ್ಲರೂ ಹೆದರುತ್ತಾರೆ. ನೂರು ಹೆಜ್ಜೆ ಈಚೆ ಬಂದು, ಪಾರ್ಕಿಂಗ್ ಇರುವ ಕಡೆ ಕರೆಯಿರಿ. ಸ್ಕೂಟರ್ ಬಾಡಿಗೆಗೆ ಪಡೆಯುವವರು ಹಿಂದೆ ಕೂರುವವರಿಗೂ ಹೆಲ್ಮೆಟ್ ಕೇಳಿ ತೆಗೆದುಕೊಳ್ಳಿ. ಸೆಕ್ಟರ್ 17ರಿಂದ ಹೊರಡುವ ಡಬಲ್ ಡೆಕ್ಕರ್ ಪ್ರವಾಸಿ ಬಸ್ಸೂ ಇದೆ; ಕಾಲುನೋವಿನವರಿಗೆ ಸರಿ, ಗೋಡೆ ಮುಟ್ಟಿ ನೋಡುವವರಿಗೆ ಅಲ್ಲ.

ಊಟ ಸೆಕ್ಟರ್ 9ರಲ್ಲಿ, ರಾಜ್ಮಾ-ಚಾವಲ್, ಬೇಗ ಬರುತ್ತದೆ. ಅಲ್ಲಿಂದ 10ರ ಮ್ಯೂಸಿಯಂಗೆ ನಡಿಗೆ. ಅದು ನಾಲ್ಕೂವರೆಗೆ ಮುಚ್ಚುತ್ತದೆ, ಮೂರರೊಳಗೆ ಒಳಗಿರಬೇಕು. ಟಿಕೆಟ್ 10 ರೂಪಾಯಿ. ಈ ಕಟ್ಟಡವೂ ಕಾರ್ಬೂಸಿಯೇ ವಿನ್ಯಾಸವೇ, 1968ರಲ್ಲಿ ತೆರೆದದ್ದು. ದೇಶ ಒಡೆದಾಗ ಲಾಹೋರ್ ಮ್ಯೂಸಿಯಂನ ಸಂಗ್ರಹವನ್ನೂ 60:40 ಎಂದು ಹಂಚಿದರು. ಭಾರತಕ್ಕೆ ಬಂದ 40 ಪಾಲು ಇಲ್ಲಿದೆ. ಸಮಯ ಕಡಿಮೆಯಿದ್ದರೆ ಗಾಂಧಾರ ಶಿಲ್ಪ (ವಾಯವ್ಯ ಗಡಿಯ ಪ್ರಾಚೀನ ಬೌದ್ಧ ವಿಗ್ರಹಗಳು) ಮತ್ತು ಪಹಾಡಿ ಚಿತ್ರ (ಹಿಮಾಲಯದ ಬೆಟ್ಟದ ರಾಜ್ಯಗಳ ಕಿರುಚಿತ್ರಗಳು) ಎರಡೇ ನೋಡಿ. ಹಳೇಬೀಡಿನ ಬಳಪದ ಕಲ್ಲಿನ ಕುಸುರಿಗೆ ಪಳಗಿದ ನಮ್ಮ ಕಣ್ಣಿಗೆ ಗಾಂಧಾರದ ಬೂದು ಕಲ್ಲು ಮೊದಲು ಸಪ್ಪೆ. ಆಭರಣ ಹುಡುಕುವುದು ಬಿಟ್ಟು ಬಟ್ಟೆ ನೋಡಿ: ಭುಜದಿಂದ ಇಳಿದ ಹೊದಿಕೆಯ ಮಡಿಕೆಗಳು ಮೊಣಕಾಲ ಹತ್ತಿರ ಹೇಗೆ ಬಿಗಿಯಾಗುತ್ತವೆ, ಕೆಳಗೆ ಹೇಗೆ ಸಡಿಲವಾಗುತ್ತವೆ. ಚಾವಣಿಯಿಂದ ಇಳಿಯುವ ಹಗಲು ಬೆಳಕು ಆ ಮಡಿಕೆಗಳಿಗೆ ಹೇಳಿ ಮಾಡಿಸಿದಂತಿದೆ.

ಸುಖನಾ ಕೆರೆಯನ್ನು ಸಂಜೆಗೆ ಇಟ್ಟುಕೊಂಡದ್ದು ಬೆಳಕಿಗಾಗಿ. ಕಟ್ಟೆಯ ಮೇಲೆ ನಿಂತರೆ ಬೆಟ್ಟಗಳು ಈಶಾನ್ಯಕ್ಕೆ. ಬೆಳಿಗ್ಗೆ ಸೂರ್ಯ ಎದುರಿಗಿದ್ದು ಫೋಟೋದಲ್ಲಿ ಎಲ್ಲ ಕಪ್ಪು; ಸಂಜೆ ಬೆನ್ನ ಹಿಂದಿನಿಂದ ಬೆಟ್ಟದ ಮೇಲೆ ಬಿಸಿಲು ಬೀಳುತ್ತದೆ. 1958ರಲ್ಲಿ ಹಳ್ಳಕ್ಕೆ ಅಡ್ಡ ಕಟ್ಟೆ ಹಾಕಿ ಮಾಡಿದ ಕೆರೆ ಇದು. ನೀರು ಮಳೆಯದೇ ಆದ್ದರಿಂದ ಬೇಸಿಗೆಯ ಕೊನೆಗೆ ಇಳಿದಿರುತ್ತದೆ. ಇಬ್ಬರು ಕೂರುವ ಪೆಡಲ್ ದೋಣಿ ಅರ್ಧ ಗಂಟೆಗೆ ತೆಗೆದುಕೊಂಡೆವು. ಹೋಗುವಾಗ ಗಾಳಿ ನೂಕಿದರೆ ಬರುವಾಗ ತೊಡೆ ಬಿಗಿಯುತ್ತದೆ, ಹತ್ತು ನಿಮಿಷಕ್ಕೇ ತಿರುಗಿಸಿ. ಕಾರ್ಬೂಸಿಯೇಯ ದಾಯಾದಿ ಪಿಯರೆ ಜೀನೆರೆ ಈ ಊರಲ್ಲೇ ವರ್ಷಗಟ್ಟಲೆ ಉಳಿದು ಕೆಲಸ ಮಾಡಿದವರು, ಅವರ ಚಿತಾಭಸ್ಮವನ್ನು ಈ ನೀರಿಗೇ ಬಿಟ್ಟಿದ್ದಾರೆ. ಚಳಿಗಾಲದಲ್ಲಿ ಸೂರ್ಯ ಮುಳುಗಿದ ಕೂಡಲೇ ಥಂಡಿ ಹೊಡೆಯುತ್ತದೆ, ಸ್ವೆಟರ್ ಬ್ಯಾಗಿನಲ್ಲಿರಲಿ.

ರಾತ್ರಿಗೆ ಸೆಕ್ಟರ್ 17. ವಾಹನಗಳಿಗೆ ಪ್ರವೇಶವಿಲ್ಲದ ಅಂಗಳ, ಸುತ್ತ ಒಂದೇ ಅಚ್ಚಿನ ಕಂಬಗಳ ಅಂಗಡಿ ಸಾಲು, ನಡುವೆ ಕಾರಂಜಿ. ಇಂಡಿಯನ್ ಕಾಫಿ ಹೌಸ್‌ನಲ್ಲಿ ದೋಸೆಯೂ ಸಿಗುತ್ತದೆ. ನಮ್ಮ ಬೆಣ್ಣೆ ದೋಸೆಗೆ ಹೋಲಿಸಲು ಹೋಗಬೇಡಿ, ಕಾಫಿ ಕುಡಿಯಿರಿ. ನಡೆಯುವಾಗ ಕಾಲ ಕೆಳಗೂ ಕಣ್ಣಿರಲಿ. ಹಳೆಯ ಎರಕದ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಊರಿನ ನಕ್ಷೆಯೇ ಉಬ್ಬಾಗಿ ಮೂಡಿದೆ, ಸೆಕ್ಟರಿನ ಚೌಕಗಳು ಸಮೇತ.

ಅಂದೇ ರಾತ್ರಿ ಹೊರಡುವವರಿಗೆ ಕೊನೆಯ ಮಾತು. ಹಿಮಾಚಲದ ಬಸ್ಸುಗಳು ಸೆಕ್ಟರ್ 43ರ ನಿಲ್ದಾಣದಿಂದ. 17ಕ್ಕೆ ಹೋಗಿ ಕಾದರೆ ಬಸ್ ತಪ್ಪುತ್ತದೆ. ರೈಲು ನಿಲ್ದಾಣ ಪಂಚಕುಲಾ ಕಡೆಯ ಅಂಚಿನಲ್ಲಿದೆ, ವಿಮಾನ ನಿಲ್ದಾಣ ಅದಕ್ಕೆ ವಿರುದ್ಧವಾಗಿ ಮೊಹಾಲಿ ಕಡೆ. ಸೆಕ್ಟರ್ 22ರಿಂದ ರೈಲಿಗೆ ಹೊರಡುವಾಗ ನಾವು ಮುಕ್ಕಾಲು ಗಂಟೆ ಕೈಯಲ್ಲಿಟ್ಟುಕೊಂಡೆವು.