ಹೆತ್ತವರ ಮೆಡಿಕಲ್ ಬಿಲ್ ಎಸೀಬೇಡಿ, ರಿಟರ್ನ್‌ನಲ್ಲಿ ಹೀಗೆ ಕ್ಲೇಮ್ ಮಾಡಿ

ಆದಾಯ ತೆರಿಗೆ ಕಾಯ್ದೆಯಲ್ಲಿ ಆರೋಗ್ಯದ ಖರ್ಚಿಗೆ ವಿನಾಯಿತಿ ಕೊಡುವ 80ಡಿ ಕಲಂ ಅಂದ್ರೆ ಇನ್ಶೂರೆನ್ಸ್ ಪ್ರೀಮಿಯಂಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಿಮ್ಮ ಅಪ್ಪ ಅಮ್ಮನಿಗೆ 60 ತುಂಬಿ, ಅವರ ಹೆಸರಲ್ಲಿ ಹೆಲ್ತ್ ಇನ್ಶೂರೆನ್ಸ್ ಇಲ್ಲದಿದ್ದರೆ, ಡಾಕ್ಟರ್ ಫೀಸು, ರಕ್ತ ಪರೀಕ್ಷೆ, ತಿಂಗಳು ತಿಂಗಳು ತರುವ ಶುಗರ್, ಬಿಪಿ ಮಾತ್ರೆ, ಇವಕ್ಕೆ ನೀವು ಕೊಟ್ಟ ದುಡ್ಡನ್ನೇ ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ನೀವು 20% ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 10,400 ರೂಪಾಯಿ ತೆರಿಗೆ ಉಳಿಯುತ್ತದೆ. ಸಣ್ಣ ಮೊತ್ತ ಅಲ್ಲ, ಅಲ್ವಾ?

ಆದರೆ ಇದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ಡಿಫಾಲ್ಟ್ ಆಗಿರೋದರಿಂದ, ರಿಟರ್ನ್ ತುಂಬುವಾಗ ಹಳೆಯದು ಬೇಕು ಅಂತ ನೀವೇ ಆರಿಸಬೇಕು. ಅದನ್ನೂ ಕೊನೆಯ ದಿನಾಂಕದೊಳಗೆ ಮಾಡಬೇಕು, ತಡವಾಗಿ ಸಲ್ಲಿಸಿದರೆ ಆ ಅವಕಾಶವೇ ಇಲ್ಲ. ಸಂಬಳದವರಿಗೆ ಫಾರ್ಮ್‌ನಲ್ಲೇ ಟಿಕ್ ಮಾಡಿದರೆ ಸಾಕು. ವ್ಯಾಪಾರ, ವೃತ್ತಿಯ ಆದಾಯ ಇದ್ದವರು 10-ಐಇಎ ಫಾರ್ಮ್ ಕೊಡಬೇಕು. ಸುಮ್ನೆ ಆತುರ ಪಡಬೇಡಿ, ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿ. ಬೇರೆ ಕಡಿತಗಳು ಕಮ್ಮಿ ಇದ್ದರೆ ಹೊಸದರಲ್ಲೇ ತೆರಿಗೆ ಕಡಿಮೆ ಬರಬಹುದು.

ಜಾಸ್ತಿ ಜನ ಎಡವೋದು ನಗದಿನಲ್ಲಿ. ಮೆಡಿಕಲ್ ಸ್ಟೋರ್‌ನಲ್ಲಿ ನೋಟು ಕೊಟ್ಟು ತಂದ ಔಷಧಿಯ ಖರ್ಚು ಇಲ್ಲಿ ಲೆಕ್ಕಕ್ಕಿಲ್ಲ. ಯುಪಿಐ, ಕಾರ್ಡ್, ಚೆಕ್, ಇವುಗಳಲ್ಲಿ ಯಾವುದಾದರೂ ಸರಿ, ದುಡ್ಡು ನಿಮ್ಮ ಖಾತೆಯಿಂದ ಹೋಗಿರಬೇಕು. ಮುಂಜಾಗ್ರತೆಯ ಹೆಲ್ತ್ ಚೆಕಪ್‌ಗೆ ಮಾತ್ರ ನಗದು ನಡೆಯುತ್ತದೆ, ಅದೂ 5,000ದವರೆಗೆ, ಒಟ್ಟು ಮಿತಿಯ ಒಳಗೇ. ಆದ್ದರಿಂದ ಇವತ್ತಿನಿಂದಲೇ ಅಪ್ಪನ ಮಾತ್ರೆಗೆ ಫೋನ್‌ನಿಂದ ಪಾವತಿಸಿ, ರೋಗಿಯ ಹೆಸರು ಇರುವ ಬಿಲ್ ಕೇಳಿ ತಗೊಳ್ಳಿ, ಅಲ್ಲೇ ಫೋಟೋ ತೆಗೆದಿಡಿ, ಯಾಕಂದ್ರೆ ಆ ಬಿಲ್‌ಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತದೆ.

ಅಮ್ಮನಿಗೆ ಪಾಲಿಸಿ ಇದೆ, ಅಪ್ಪನಿಗೆ ಇಲ್ಲ ಅಂದುಕೊಳ್ಳಿ. ಅಮ್ಮನ ಪ್ರೀಮಿಯಂ 22,000, ಅಪ್ಪನ ಚಿಕಿತ್ಸೆಗೆ 35,000 ಆಯಿತು. ಎರಡನ್ನೂ ಸೇರಿಸಬಹುದು, ಆದರೆ ಸಿಗೋದು 50,000 ಮಾತ್ರ. ನಿಮ್ಮ, ಹೆಂಡತಿ ಅಥವಾ ಗಂಡನ, ಮಕ್ಕಳ ಪ್ರೀಮಿಯಂಗೆ ಬೇರೆ 25,000ದ ಮಿತಿ ಇದೆ. ಹೆತ್ತವರು ನಿಮ್ಮನ್ನೇ ಅವಲಂಬಿಸಿರಬೇಕು ಅಂತ ಇಲ್ಲ, ಪೆನ್ಷನ್ ಬರುತ್ತಿದ್ದರೂ ಪರವಾಗಿಲ್ಲ. ಅತ್ತೆ ಮಾವನ ಖರ್ಚು ಮಾತ್ರ ಸೇರಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಕ್ಯಾನ್ಸರ್, ಕಿಡ್ನಿ ವೈಫಲ್ಯ, ಪಾರ್ಕಿನ್ಸನ್‌ನಂಥ ದೊಡ್ಡ ಕಾಯಿಲೆ ಇದ್ದರೆ 80ಡಿಡಿಬಿ ಅನ್ನೋ ಇನ್ನೊಂದು ಕಲಂ ನೋಡಿ. ಇದು ನಿಮಗೆ ಮತ್ತು ನಿಮ್ಮ ಮೇಲೆ ಅವಲಂಬಿತರಾದ ಹತ್ತಿರದ ಕುಟುಂಬದವರಿಗೆ. ರೋಗಿಗೆ 60 ಆಗಿದ್ದರೆ 1 ಲಕ್ಷದವರೆಗೆ, ಇಲ್ಲದಿದ್ದರೆ 40,000ದವರೆಗೆ ಆದಾಯದಿಂದ ಕಳೆಯಬಹುದು. ತಜ್ಞ ವೈದ್ಯರ ಚೀಟಿ ಬೇಕೇ ಬೇಕು. ಇನ್ಶೂರೆನ್ಸ್‌ನಿಂದ ಬಂದ ದುಡ್ಡನ್ನು ಇದರಲ್ಲಿ ಕಳೆಯಬೇಕು.

ಆಫೀಸಿಗೆ ಬಿಲ್ ಕೊಡೋದು ಮರೆತು ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ) ಜಾಸ್ತಿ ಹಿಡಿದಿದ್ದರೂ ಚಿಂತೆ ಬೇಡ. ರಿಟರ್ನ್‌ನ 80ಡಿ ವಿಭಾಗದಲ್ಲಿ ನೇರವಾಗಿ ತುಂಬಿ, ಹೆಚ್ಚು ಕಟ್ಟಿದ ತೆರಿಗೆ ರಿಫಂಡ್ ಆಗಿ ವಾಪಸ್ ಬರುತ್ತದೆ. ಬಿಲ್ ಅಪ್‌ಲೋಡ್ ಮಾಡಬೇಕಿಲ್ಲ, ಆದರೆ ಇಲಾಖೆ ನೋಟಿಸ್ ಕಳಿಸಿ ಕೇಳಿದರೆ ತೋರಿಸಬೇಕು.