ಬೂಮ್ ಬ್ರೇಕ್ ಕಟ್ಟಿಕೊಂಡ ನನ್ನ ಅನುಭವ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ 20-25 ನಾಟ್ (ಗಂಟೆಗೆ ಸುಮಾರು 37-46 ಕಿ.ಮೀ.) ಗಾಳಿ ಮಾಮೂಲು. ಗೋಲ್ಡನ್ ಗೇಟ್ ಕಡೆಯಿಂದ ಬರ್ಕ್ಲಿಗೆ ಹಾಯಿದೋಣಿಯಲ್ಲಿ ವಾಪಸಾಗುವಾಗ ಅದು ಬೆನ್ನಿಗೇ ಬೀಳುತ್ತದೆ. ಆಲ್ಕಟ್ರಾಜ್ ದ್ವೀಪದ ಮರೆಗೆ ಬಂದರೆ ಗಾಳಿಯ ದಿಕ್ಕು ತಪ್ಪುತ್ತದೆ. ಆಗ ಬೂಮ್, ಅಂದರೆ ಹಾಯಿಯ ಕೆಳಅಂಚನ್ನು ಹಿಡಿದಿರುವ ಅಡ್ಡಕಂಬ, ತಾನಾಗೇ ಆ ಕಡೆಯಿಂದ ಈ ಕಡೆಗೆ ಬೀಸಿ ಹೊಡೆಯುತ್ತದೆ. ಯಾರದಾದರೂ ತಲೆ ಅಡ್ಡ ಬಂದರೆ ಕಥೆ ಮುಗಿಯಿತು. ನನ್ನ ದೋಣಿಯಲ್ಲಿ ಮಕ್ಕಳೂ ಇರುತ್ತಾರೆ. ಈ ಬೀಸನ್ನು ನಿಧಾನ ಮಾಡುವ ಸಾಧನವೇ ಬೂಮ್ ಬ್ರೇಕ್.

ಬೂಮ್ ತುದಿಯಿಂದ ದೋಣಿಯ ಮೂತಿಗೆ ಹಗ್ಗ ಎಳೆದು ಕಟ್ಟುವ ಪ್ರಿವೆಂಟರ್ ದೂರದ ಪಯಣಕ್ಕೆ ಒಳ್ಳೆಯದು. ಕೊಲ್ಲಿಯೊಳಗೆ ಮತ್ತೆ ಮತ್ತೆ ಜೈಬ್ ಮಾಡಬೇಕು (ಬೆನ್ನಗಾಳಿಯಲ್ಲಿ ತಿರುಗಿ ಹಾಯಿಯನ್ನು ಇನ್ನೊಂದು ಬದಿಗೆ ಹೊರಳಿಸಬೇಕು), ಪ್ರತಿ ಸಲವೂ ಅದನ್ನು ಬಿಚ್ಚಿ ಕಟ್ಟುತ್ತಾ ಕೂರಲಾಗದು. ಹಾಗಾಗಿ ವಿಶಾರ್ಡ್ ಕಂಪನಿಯ ಜೈಬ್‌ಈಜಿ ಎಂಬ ಬೂಮ್ ಬ್ರೇಕ್ ತಂದೆ. ತೂತುಗಳಿರುವ ಒಂದು ಲೋಹದ ತುಂಡು, ಅಷ್ಟೆ. ಹಗ್ಗವನ್ನು ಅದರಲ್ಲಿ ಸುತ್ತಿ ಪೋಣಿಸಬೇಕು. ಸುತ್ತು ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ತಿರುಗುವ ಭಾಗವೇ ಇಲ್ಲವಾದ್ದರಿಂದ ಉಪ್ಪುನೀರಿನಿಂದ ಜಾಮ್ ಆಗುವ ಭಯವಿಲ್ಲ.

ಅದನ್ನು ಬೂಮ್ ಕೆಳಗೆ, ವ್ಯಾಂಗ್ (ಬೂಮ್ ಮೇಲೇಳದಂತೆ ಕೆಳಗೆಳೆಯುವ ಹಗ್ಗ) ಕಟ್ಟುವ ಜಾಗದ ಹತ್ತಿರ ಶ್ಯಾಕಲ್ (ಲೋಹದ ಕೊಂಡಿ) ಹಾಕಿ ತೂಗುಬಿಟ್ಟೆ. ಹಗ್ಗದ ಒಂದು ತುದಿ ಡೆಕ್ಕಿನ ಎಡಬದಿಗೆ ಭದ್ರ. ಇನ್ನೊಂದು ತುದಿ ಬಲಬದಿಯ ಬ್ಲಾಕ್ (ರಾಟೆ) ಹಾದು, ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್‌ನ ಕ್ಲೀಟ್‌ಗೆ (ಹಗ್ಗ ಸಿಕ್ಕಿಸುವ ಹಿಡಿಕೆಗೆ). ಚುಕ್ಕಾಣಿ ಬಿಡದೆ ಕೈಗೆ ಸಿಗುವಂತಿರಬೇಕು.

ಎಲ್ಲಕ್ಕಿಂತ ಮುಖ್ಯ, ಡೆಕ್ಕಿನ ಮೇಲೆ ಹಗ್ಗದ ಬುಡ ಎಲ್ಲಿರಬೇಕು ಅನ್ನೋದು. ಡ್ರಿಲ್ ಮುಟ್ಟುವ ಮೊದಲು ದಡದಲ್ಲೇ ಒಂದು ಹಳೆ ಹಗ್ಗ ಕಟ್ಟಿ, ಬೂಮನ್ನು ಕೈಯಲ್ಲೇ ತಳ್ಳಿ ನೋಡಿದೆ. ಬುಡವನ್ನು ತೀರಾ ಹಿಂದಕ್ಕೆ ಇಟ್ಟರೆ ಬೂಮ್ ಹೊರಗಿದ್ದಾಗ ಹಗ್ಗ ಬಿಗಿ, ನಡುವಿಗೆ ಬಂದಾಗ ಸಡಿಲ. ಅಂದರೆ ಬ್ರೇಕ್ ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ! ಮಾಸ್ಟ್‌ಗಿಂತ (ಹಾಯಿಕಂಬಕ್ಕಿಂತ) ತುಸುವೇ ಹಿಂದಿರುವ ಚೇನ್‌ಪ್ಲೇಟ್ (ಮಾಸ್ಟ್ ಹಿಡಿದ ತಂತಿಗಳನ್ನು ಬಿಗಿಯುವ ಲೋಹದ ಪಟ್ಟಿ) ಬುಡಕ್ಕೆ ಕಟ್ಟಿದಾಗ ಬಿಗಿ ಹೆಚ್ಚುಕಮ್ಮಿ ಒಂದೇ ಸಮ ಇತ್ತು. ಹೊರಗೆ ಹೋದಾಗ ಒಂಚೂರು ಸಡಿಲ, ಅದನ್ನು ಕಾಕ್‌ಪಿಟ್‌ನಿಂದಲೇ ಎಳೆದುಕೊಳ್ಳಬಹುದು. ಕೊನೆಗೆ ತೂತು ಕೊರೆಯುವ ಕೆಲಸವೇ ಬರಲಿಲ್ಲ.

ತೀರಾ ಬಿಗಿ ಮಾಡಬೇಡಿ. ಬೂಮ್ ನಿಲ್ಲಬಾರದು, ನಿಧಾನವಾಗಿ ಸಾಗಬೇಕು. ಕದಲದೇ ನಿಂತರೆ ಹಾಯಿ ಎದುರುಗಾಳಿಗೆ ಸಿಕ್ಕಿ ದೋಣಿ ಬಾಗುತ್ತದೆ. ನಾನು ಮೊದಲು 8-10 ನಾಟ್ ಗಾಳಿಯಲ್ಲಿ ಬೇಕೆಂದೇ ಜೈಬ್ ಮಾಡಿ ಸುತ್ತು ಗೊತ್ತು ಮಾಡಿಕೊಂಡೆ. ಗಾಳಿ ಏರಿದರೆ ಕ್ಲೀಟ್‌ನಲ್ಲಿ ಇನ್ನಷ್ಟು ಎಳೆಯುತ್ತೇನೆ. ಬ್ರೇಕ್ ಇದೆ ಅಂತ ಜೈಬ್‌ಗೆ ಮೊದಲು ಮೇನ್‌ಶೀಟ್ (ಬೂಮನ್ನು ಎಳೆದು ಬಿಡುವ ಹಗ್ಗ) ಒಳಗೆಳೆಯುವುದನ್ನು ಮಾತ್ರ ಬಿಡುವುದಿಲ್ಲ.

ಗಾಳಿಗೆದುರು ಹೋಗುವಾಗ ಹಗ್ಗ ಸಡಿಲಿಸಿಡುತ್ತೇನೆ. ಓಡಾಡುವ ದಾರಿಗೇ ಅಡ್ಡ ಬರುತ್ತದೆ, ಹೊಸಬರಿಗೆ ಮೊದಲೇ ತೋರಿಸಿಬಿಡಿ. ತುಂಡಿನೊಳಗೆ ಉಜ್ಜುವ ಜಾಗದಲ್ಲಿ ಹಗ್ಗದ ಮೇಲ್ಪದರ ಬೇಗ ಜುಂಗೇಳುತ್ತದೆ. ಅದು ಕಂಡ ಕೂಡಲೇ ಹಗ್ಗದ ತುದಿ ಅದಲುಬದಲು ಮಾಡುತ್ತೇನೆ.